ಮೇಲಿನ ಅಪ್ಪಣೆ ಬಾರದ ಹೊತ್ತಿನಲ್ಲಿ

2025ನೆಯ ಇಸವಿಯ ಅಕ್ಟೋಬರ್ 20ರಂದು, ನಮ್ಮಲ್ಲಿ ನರಕಚತುರ್ದಶಿಯ ಅಭ್ಯಂಜನ ಮುಗಿದು ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ವೇಳೆಯಲ್ಲಿ, ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿರುವ ಅಮೆಜಾನ್ ಕಂಪನಿಯ ಗಣಕಾಗಾರಗಳಲ್ಲಿ, ಮೊದಲ ನೋಟಕ್ಕೆ ಅತ್ಯಲ್ಪವೆಂದು ತೋರುವ ಒಂದು ದೋಷವು ತಲೆದೋರಿತು. ಹೆಸರು ಹೇಳಿದರೆ ವಿಳಾಸ ತಿಳಿಸತಕ್ಕ ಡಿಎನ್‌ಎಸ್ ಎಂಬ ದಾಖಲೆಯನ್ನು ತಿದ್ದುವುದಕ್ಕಾಗಿ ನಿಯುಕ್ತವಾಗಿದ್ದ ಎರಡು ತಂತ್ರಾಂಶಗಳು ಏಕಕಾಲದಲ್ಲಿ ಒಂದೇ ಪುಟಕ್ಕೆ ಕೈಯಿಕ್ಕಿ, ಒಂದು ಬರೆದುದನ್ನು ಇನ್ನೊಂದು ಅಳಿಸಿ, ಆ ಗಣಕಾಗಾರಗಳ ಮುಖ್ಯ ದತ್ತಾಂಶ ಭಂಡಾರವೊಂದರ ವಿಳಾಸವಿರಬೇಕಾಗಿದ್ದ ಸ್ಥಳವನ್ನು ಬರಿದು ಮಾಡಿಬಿಟ್ಟವು. ಭಂಡಾರವು ಇದ್ದಲ್ಲಿಯೇ ಇತ್ತು. ಅದಕ್ಕೆ ಹೋಗುವ ದಾರಿ ಮಾತ್ರ ಯಾರಿಗೂ ತಿಳಿಯದಂತಾಯಿತು. ಅಷ್ಟರಿಂದಲೇ ಎಷ್ಟೋ ಮನೆಗಳ ಬಾಗಿಲಿನ ಕ್ಯಾಮೆರಾಗಳು ಕಣ್ಣು ಮುಚ್ಚಿದವು. ಮಲಗಿದವನ ಮೈಶಾಖವನ್ನರಿತು ಬಿಸಿಯಾಗುವ, ತಂಪಾಗುವ, ತಲೆದೆಸೆಯನ್ನು ಏರಿಸಿ ಇಳಿಸುವ ಹೊಸ ಬಗೆಯ ದುಬಾರಿ ಹಾಸಿಗೆಗಳು ಇದ್ದ ಸ್ಥಿತಿಯಲ್ಲಿಯೇ ಸ್ತಬ್ಧವಾಗಿ, ಕೆಲವರು ನಡುರಾತ್ರಿಯಲ್ಲಿ ಬೆವರುತ್ತ ಎದ್ದು ಕುಳಿತರು. ಹಾಸಿಗೆ ಇದ್ದುದು ಅವರ ಕೋಣೆಯಲ್ಲಿ. ಅದನ್ನು ಆಳುವ ಮೊಬೈಲು ಇದ್ದುದು ಅವರ ತಲೆದಿಂಬಿನ ಪಕ್ಕದಲ್ಲಿ. ಆದರೂ ಅವೆರಡರ ನಡುವೆ ಒಂದು ಮಾತು ನಡೆಯಬೇಕಾದರೆ ಅದು ದೂರದ ವರ್ಜೀನಿಯಾಕ್ಕೆ ಹೋಗಿ ಅಪ್ಪಣೆ ಪಡೆದು ಬರಬೇಕಾಗಿತ್ತು. ಆ ಹಾಸಿಗೆಗಳನ್ನು ಮಾಡಿದವರು ಅನಂತರ, ಬ್ಲೂಟೂತಿನ ಮೂಲಕ ಹತ್ತಿರದಿಂದಲೇ ಅವನ್ನು ನಡೆಸುವ ಏರ್ಪಾಟನ್ನು ಮಾಡಿಕೊಟ್ಟರೆಂಬುದು ಬೇರೆ ಮಾತು.

ಕೇಳುಗ ಮಹಾಶಯರೇ, ಜಾಲಕ್ಕೆ ಜೋಡಿಸಿದ ವಸ್ತುಗಳು ಇಂದು ಹಾಸಿಗೆಯಂಥ ವಿಲಾಸದ ಸಾಮಗ್ರಿಗಳಷ್ಟೇ ಆಗಿ ಉಳಿದಿಲ್ಲ. ಊರಿನ ನೀರಿನ ತೊಟ್ಟಿ, ಬೀದಿಯ ದೀಪ, ಆಸ್ಪತ್ರೆಯ ಮಂಚದ ಬಳಿಯ ಮಾಪಕ, ಕಾರ್ಖಾನೆಯ ಲೇತು, ಹೊಲದ ಪಂಪ್‌ಸೆಟ್ಟು, ಇವೆಲ್ಲವೂ ಒಂದು ಸಣ್ಣ ಗಣಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಮ್ಮ ಸ್ಥಿತಿಗತಿಗಳನ್ನು ದೂರದ ಕ್ಲೌಡ್ ಗಣಕಾಗಾರಗಳಿಗೆ ನಿವೇದಿಸಿ ಆಜ್ಞೆಗಾಗಿ ಕಾಯತೊಡಗಿವೆ. ಕಾಯುವುದಕ್ಕೂ ಒಂದು ಮಿತಿ ಉಂಟಷ್ಟೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಬೆಂಗಳೂರಿನಿಂದ ವರ್ಜೀನಿಯಾಕ್ಕೆ ನೆಟ್ಟಗೆ ಎಳೆದರೂ ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಸಮೀಪವಾದ ದೂರ. ಹೋಗಿಬರಲು ಸೆಕೆಂಡಿನ ಏಳನೆಯ ಒಂದು ಪಾಲಾದರೂ ಬೇಕು, ತಂತಿಗಳು ಸಮುದ್ರದಲ್ಲಿ ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ಬೇಕು. ಯಂತ್ರದ ಹಲ್ಲಿಗೆ ಕೈ ಸಿಕ್ಕುವ ಮೊದಲೇ ಅದನ್ನು ನಿಲ್ಲಿಸಬೇಕಾದವನಿಗೆ ಅಷ್ಟು ಅವಕಾಶವಿಲ್ಲ. ಈ ಕಾರಣದಿಂದ, ಗಣನೆಯ ಸ್ವಲ್ಪ ಭಾಗವನ್ನು ವಸ್ತುವಿನ ಮಗ್ಗುಲಿಗೇ ತರಬೇಕೆಂಬ ಆಲೋಚನೆ ಹುಟ್ಟಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಹಾದೇವ ಸತ್ಯನಾರಾಯಣನ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ 2009ರಲ್ಲಿ ಇಂಥ ಸಮೀಪದ ಪುಟ್ಟ ಗಣಕಾಗಾರಗಳನ್ನು ಪ್ರತಿಪಾದಿಸಿದರು. 2012ರಲ್ಲಿ ಸಿಸ್ಕೊ ಕಂಪನಿಯ ಫ್ಲೇವಿಯೊ ಬೊನೊಮಿ ಮೊದಲಾದವರು, ನೆಲಕ್ಕೆ ಹತ್ತಿರ ಇಳಿದುಬಂದ ಮೋಡವೇ ಮಂಜು ತಾನೆ ಎಂದು, ನಡುವಣ ಪದರಕ್ಕೆ ಫಾಗ್ ಎಂದು ನಾಮಕರಣ ಮಾಡಿದರು. ವಸ್ತುವಿಗೆ ಅಂಟಿಕೊಂಡಂತೆ ಇರುವುದು ಎಡ್ಜ್. ಬೀದಿಗೋ ಊರಿಗೋ ಒಂದರಂತೆ ಇದ್ದು ಅನೇಕ ವಸ್ತುಗಳ ಮಾತನ್ನು ಕೇಳುವುದು ಫಾಗ್. ಅವೆಲ್ಲಕ್ಕೂ ಮೇಲೆ, ದೂರದಲ್ಲಿ, ಅಪಾರವಾದ ಶಕ್ತಿಯುಳ್ಳ ಕ್ಲೌಡ್. ಈ ಮೇರೆಗಳನ್ನು ಪಂಡಿತರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹಾಕುತ್ತಾರೆ. ನಮಗೆ ಆ ಜಗಳ ಬೇಡ.

ಕೆಲಸವನ್ನು ಹೀಗೆ ಕೆಳಗಿಳಿಸಿ ಹಂಚಿಬಿಟ್ಟ ಮಾತ್ರಕ್ಕೆ ವ್ಯವಸ್ಥೆಯು ಗಟ್ಟಿಯಾಯಿತೆಂದು ತಿಳಿಯುವುದು ಭ್ರಮೆ. ದೊಡ್ಡ ಗಣಕಾಗಾರಕ್ಕೆ ಜನರೇಟರುಗಳುಂಟು, ಶೈತ್ಯೋಪಕರಣಗಳುಂಟು, ಹಗಲಿರುಳು ಕಾವಲಿರುವ ಎಂಜಿನಿಯರುಗಳುಂಟು. ಎಡ್ಜಿನ ಪೆಟ್ಟಿಗೆಯಾದರೋ ದೀಪದ ಕಂಬಕ್ಕೆ ನೇತುಬಿದ್ದಿರುತ್ತದೆ, ಅಥವಾ ಪಂಪುಮನೆಯ ಮೂಲೆಯಲ್ಲಿ ಗ್ರೀಸಿನ ಡಬ್ಬದ ಪಕ್ಕ ಕುಳಿತಿರುತ್ತದೆ. ಅದರೊಳಗೆ ಬೆಚ್ಚಗಿರುವುದನ್ನು ಕಂಡ ಹಲ್ಲಿ, ಇರುವೆಗಳು ಸಂಸಾರ ಹೂಡುತ್ತವೆ. ಬೇಸಿಗೆಯ ಕಾವು, ಸಿಡಿಲಿನ ಹೊಡೆತ, ಗಳಿಗೆಗೊಮ್ಮೆ ಹೋಗಿಬರುವ ವಿದ್ಯುತ್ತು, ಇವೆಲ್ಲವನ್ನೂ ಅದು ಒಂಟಿಯಾಗಿ ಸಹಿಸಬೇಕು. ಲೆಕ್ಕವನ್ನಾದರೂ ನೋಡಿ: ಕೆಳಗಿನ ಪೆಟ್ಟಿಗೆ, ನಡುವಣ ಗಣಕ, ಮೇಲಿನ ಆಗಾರ, ಮೂರೂ ನೂರು ದಿನಗಳಲ್ಲಿ ತೊಂಬತ್ತೊಂಬತ್ತು ದಿನ ಸರಿಯಾಗಿರತಕ್ಕವು ಎಂದಿಟ್ಟುಕೊಂಡರೂ, ಮೂರೂ ಏಕಕಾಲದಲ್ಲಿ ಸರಿಯಾಗಿದ್ದರೆ ಮಾತ್ರ ಕೆಲಸ ನಡೆಯುವುದೆಂಬ ಕಟ್ಟಳೆಯಾದರೆ, ವರ್ಷದಲ್ಲಿ ಸುಮಾರು 11 ದಿನ ಕೆಲಸ ನಿಂತುಹೋಗುತ್ತದೆ. ಒಂದರ ಬದಲು ಎರಡು ಪೆಟ್ಟಿಗೆಗಳನ್ನಿಟ್ಟು, ಒಂದು ಕೆಟ್ಟರೆ ಇನ್ನೊಂದು ನಡೆಸಲಿ ಎಂದರೆ, ಎರಡೂ ಒಟ್ಟಿಗೆ ಕೆಡುವ ಸಂಭವವು ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆಂದು ಗಣಿತವು ಹೇಳುತ್ತದೆ. ಆದರೆ ಆ ಗಣಿತವು ಸತ್ಯವಾಗಬೇಕಾದರೆ ಎರಡರ ಕೇಡುಗಳಿಗೂ ಪರಸ್ಪರ ಸಂಬಂಧವಿರಬಾರದು; ನಮ್ಮಲ್ಲಿಯಾದರೋ ಎರಡೂ ಪೆಟ್ಟಿಗೆಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಒಂದೇ ಕಂಪನಿಯ ಸಿಮ್ಮು ಹಾಕಿ, ಜೋಡಿ ವ್ಯವಸ್ಥೆ ಎಂದು ಬಿಲ್ಲು ಬರೆಯುವವರುಂಟು. ವಿಶ್ವಾಸಕ್ಕೆ ಅರ್ಹವಲ್ಲದ ಅಂಗಗಳಿಂದ ವಿಶ್ವಾಸಾರ್ಹವಾದ ಶರೀರವನ್ನು ಕಟ್ಟುವುದು ಹೇಗೆಂಬ ಪ್ರಶ್ನೆಯನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1952ರ ಉಪನ್ಯಾಸಗಳಲ್ಲಿಯೇ ಎತ್ತಿಕೊಂಡಿದ್ದನು; ಎಪ್ಪತ್ತು ವರ್ಷಗಳಾದರೂ ಬೋರ್ಡಿನ ವಿಷಯದಲ್ಲಿ ನಾವು ಇನ್ನೂ ಅಸಡ್ಡೆಯಿಂದಲೇ ಇದ್ದೇವೆ.

ನನ್ನ ಅಭಿಪ್ರಾಯದಲ್ಲಿ, ಇಂಥ ವ್ಯವಸ್ಥೆಯ ತಾಳಿಕೆಯು ಯಂತ್ರಗಳ ಸಂಖ್ಯೆಗಿಂತ ಹೆಚ್ಚಾಗಿ ಅಧಿಕಾರದ ವಿಭಜನೆಯನ್ನು ಅವಲಂಬಿಸಿದೆ: ಮೇಲಿನವನ ಮಾತು ಕೇಳಿಸದ ಹೊತ್ತಿನಲ್ಲಿ ಕೆಳಗಿನವನು ತಾನಾಗಿಯೇ ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಹಳೆಯ ಮೈಸೂರು ಸಂಸ್ಥಾನದ ಆಡಳಿತವನ್ನು ಬಲ್ಲ ಹಿರಿಯರಿಗೆ ಇದು ಹೊಸ ತತ್ತ್ವವಲ್ಲ. ಗ್ರಾಮಕ್ಕೆ ಪಟೇಲ, ಶಾನುಭೋಗ, ತಾಲ್ಲೂಕಿಗೆ ಅಮಲ್ದಾರ, ಅವರೆಲ್ಲರ ಮೇಲೆ ಹುಜೂರು. ಹೊಳೆ ತುಂಬಿ ದೋಣಿ ನಿಂತ ದಿನ ಕೆರೆಯ ಏರಿ ಬಿರಿಯುವಂತಿದ್ದರೆ, ತೂಬನ್ನು ಎತ್ತಿಸಲು ಪಟೇಲನು ಅಮಲ್ದಾರರ ಕಾಗದಕ್ಕೆ ಕಾದು ಕುಳಿತಿರಲಾರನು. ಹಾಗೆಂದು ಅದೇ ಪ್ರವಾಹದ ನೆಪದಲ್ಲಿ ಊರಿನ ಕಂದಾಯವನ್ನು ಮನ್ನಾ ಮಾಡಿಬಿಡುವ ಅಧಿಕಾರವೂ ಅವನದಲ್ಲ. ದೋಣಿ ಮತ್ತೆ ಹೊರಟಾಗ, ನಡೆದುದೆಲ್ಲವನ್ನೂ ಶಾನುಭೋಗರ ಲೆಕ್ಕದಲ್ಲಿ ತಾರೀಖುವಾರು ಒಪ್ಪಿಸತಕ್ಕದ್ದು. ತೊಟ್ಟಿ ತುಂಬಿದರೆ ಮೋಟಾರನ್ನು ನಿಲ್ಲಿಸುವುದು, ಉಷ್ಣತೆ ಮಿತಿಮೀರಿದರೆ ಒಲೆಯನ್ನು ಆರಿಸುವುದು, ಬೆಂಕಿಯ ಗಂಟೆಯನ್ನು ಬಾರಿಸುವುದು, ಇವು ಕೆಳಗಿನ ಪೆಟ್ಟಿಗೆಯ ಅಧಿಕಾರಕ್ಕೆ ಸೇರಿರಬೇಕು. ಇಡೀ ಜಿಲ್ಲೆಯ ನೀರಿನ ಹಂಚಿಕೆಯನ್ನು ಬದಲಿಸುವುದು ಮೇಲಿನದಕ್ಕೆ. ಮೇಲೆ ಹೇಳಿದ ಸತ್ಯನಾರಾಯಣನ್ ಅವರೇ, ಫಾಗು ಎಡ್ಜುಗಳ ಮಾತು ಹುಟ್ಟುವುದಕ್ಕೆ ಬಹಳ ಮುಂಚೆ, ಕೋಡಾ ಎಂಬ ಕಡತ ವ್ಯವಸ್ಥೆಯನ್ನು ಕಟ್ಟುವಾಗ, ತಂತಿ ಕಡಿದುಹೋದ ಗಣಕವು ತನ್ನಲ್ಲಿರುವ ಪ್ರತಿಗಳನ್ನೇ ಆಧರಿಸಿ ದುಡಿಯುತ್ತಿದ್ದು, ಸಂಪರ್ಕ ಮರಳಿದಾಗ ಬದಲಾವಣೆಗಳನ್ನು ಒಪ್ಪಿಸುವ ಮಾರ್ಗವನ್ನು ತೋರಿಸಿದ್ದರು. ವಿಯೋಗವನ್ನು ಆಕಸ್ಮಿಕವೆಂದು ಬಗೆಯದೆ ನಿತ್ಯದ ಒಂದು ಸ್ಥಿತಿಯೆಂದೇ ಸ್ವೀಕರಿಸಿದುದು ಆ ಕೃತಿಯ ಹಿರಿಮೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1988ರಲ್ಲಿ ಬರಗಾಲದ ಉಸ್ತುವಾರಿಗೆಂದು ಆರಂಭವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯು, ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕಿದ ಮಳೆಮಾಪಕಗಳನ್ನು ನೆಟ್ಟಿದೆ. ಸೂರ್ಯನ ಬಿಸಿಲಿನಿಂದ ವಿದ್ಯುತ್ತು ಪಡೆದು, ಮೊಬೈಲು ಜಾಲದ ಮೂಲಕ, ಹದಿನೈದು ನಿಮಿಷದ ಅಂತರದಲ್ಲಿ ಬಿದ್ದ ಮಳೆಯ ಮೊತ್ತವನ್ನು ಅವು ಬೆಂಗಳೂರಿಗೆ ತಿಳಿಸುತ್ತವೆ. ಇಂಥ ಜಾಲವೊಂದರ ಸಂಕಟವನ್ನು ಊಹಿಸಿಕೊಳ್ಳಿ. ಆಷಾಢದ ಮಳೆ ಮಲೆನಾಡಿನ ಮೇಲೆ ಜಡಿಯತೊಡಗಿ, ಮರ ಬಿದ್ದು ಲೈನು ಕಡಿದು, ಟವರಿನ ಬ್ಯಾಟರಿಯೂ ಬರಿದಾಗುವ ದಿನವೇ, ಮಳೆಯ ವಾರ್ತೆಯು ಎಲ್ಲಕ್ಕಿಂತ ಮುಖ್ಯವಾಗುವ ದಿನವೂ ಹೌದು. ದಟ್ಟವಾದ ಮೋಡದ ದೆಸೆಯಿಂದ ಬಿಸಿಲಿಗೂ ಅಂದೇ ಕೊರತೆ. ಅಂದರೆ ಬೇಡಿಕೆ ಹೆಚ್ಚಾಗುವುದಕ್ಕೂ ಸಾಧನಗಳು ಸೋಲುವುದಕ್ಕೂ ಕಾರಣ ಒಂದೇ. ವರ್ಷದ ಸರಾಸರಿಯನ್ನು ತೋರಿಸಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸುಸ್ಥಿತಿ ಎಂದು ಸಾರುವ ಜಾಹೀರಾತುಗಳಲ್ಲಿ ನನಗೆ ನಂಬಿಕೆ ಕಡಿಮೆಯಾಗಿರುವುದು ಇದಕ್ಕಾಗಿ: ಉಳಿದ ಒಂದು ಪಾಲು ವರ್ಷದ ಯಾವ ವಾರದಲ್ಲಿ ಬಂದು ಕುಳಿತಿದೆಯೆಂಬುದನ್ನು ಅವು ಹೇಳುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಪಕವು, ಹಿಂದಿನ ಸಂದೇಶದ ಅನಂತರ ಇಷ್ಟು ಮಿಲಿಮೀಟರು ಮಳೆಯಾಯಿತೆಂದು ಬಿಡಿಬಿಡಿಯಾಗಿ ಹೇಳುತ್ತಿದ್ದರೆ, ದಾರಿಯಲ್ಲಿ ಒಂದು ಸಂದೇಶ ಕಳೆದರೆ ಅಷ್ಟು ಮಳೆ ಲೆಕ್ಕದಿಂದ ಶಾಶ್ವತವಾಗಿ ಮಾಯವಾಗುತ್ತದೆ. ಒಂದೇ ಸಂದೇಶ ಎರಡು ಸಲ ತಲಪಿದರೆ ಬೀಳದ ಮಳೆ ಬಿದ್ದಂತಾಗುತ್ತದೆ. ಅದರ ಬದಲು, ಬೆಳಗ್ಗೆ ಎಂಟೂವರೆಯಿಂದ ಈವರೆಗಿನ ಒಟ್ಟು ಮೊತ್ತವಿಷ್ಟು ಎಂದು ಪ್ರತಿ ಸಲವೂ ಹೇಳುವ ಪದ್ಧತಿಯಿದ್ದರೆ, ನಡುವೆ ಹತ್ತು ಸಂದೇಶಗಳು ನಷ್ಟವಾದರೂ ಹನ್ನೊಂದನೆಯದು ಬಂದೊಡನೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಎರಡು ಸಲ ಬಂದರೂ ಬಾಧಕವಿಲ್ಲ. ಕಾಸಿನ ಖರ್ಚಿಲ್ಲದೆ, ಮಾತನ್ನು ಆಡುವ ರೀತಿಯೊಂದನ್ನೇ ಬದಲಿಸಿ ಪಡೆದ ತಾಳಿಕೆ ಇದು. ಇನ್ನು, ಸಂಪರ್ಕವಿಲ್ಲದಾಗ ಪೆಟ್ಟಿಗೆಯೊಳಗೆ ಶೇಖರವಾದ ವಾರ್ತೆಗಳನ್ನು ದಾರಿ ತೆರೆದೊಡನೆ ಯಾವ ಕ್ರಮದಲ್ಲಿ ಕಳುಹಿಸಬೇಕು? ಹಳೆಯದು ಮೊದಲು ಎಂಬುದು ಗುಮಾಸ್ತರ ನ್ಯಾಯ. ಪ್ರವಾಹದ ಎಚ್ಚರಿಕೆ ಕೊಡಬೇಕಾದವನಿಗೆ ನಿನ್ನೆಯ ಸಾಯಂಕಾಲದ ಮಳೆಯಿಂದ ಪ್ರಯೋಜನವೇನು? ಈ ಕ್ಷಣದ ಸುದ್ದಿಯನ್ನು ಮೊದಲು ಕಳುಹಿಸಿ, ಬಿಡುವಾದಾಗ ಹಿಂದಿನದನ್ನು ತುಂಬಿಸಿದರೆ, ಎಚ್ಚರಿಕೆಯವನಿಗೂ ದಫ್ತರದವನಿಗೂ ಇಬ್ಬರಿಗೂ ಸಲ್ಲಬೇಕಾದುದು ಸಲ್ಲುತ್ತದೆ.

ವಸ್ತುಗಳ ಮಾತಿಗೆ ಇಂದು ಬಹುವಾಗಿ ಬಳಕೆಯಲ್ಲಿರುವ ಎಂಕ್ಯುಟಿಟಿ ಎಂಬ ನಿಯಮಾವಳಿಯು ಹುಟ್ಟಿದುದೂ ಇಂಥ ಸಂಕಟದಿಂದಲೇ. 1999ರಲ್ಲಿ ಐಬಿಎಂ ಕಂಪನಿಯ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಎಂಬಿಬ್ಬರು, ತೈಲದ ಕೊಳವೆ ಮಾರ್ಗಗಳ ಉಸ್ತುವಾರಿಗಾಗಿ, ದುಬಾರಿಯೂ ಚಂಚಲವೂ ಆದ ಉಪಗ್ರಹ ಸಂಪರ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರಚಿಸಿದರು. ಅದರಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಅಂಶವೆಂದರೆ, ಪ್ರತಿಯೊಂದು ಸಾಧನವೂ ಜಾಲಕ್ಕೆ ಸೇರುವ ಕ್ಷಣದಲ್ಲಿಯೇ ತನ್ನ ಉಯಿಲನ್ನು ಬರೆದಿಡಬಹುದಾಗಿರುವುದು: ನಾನು ಹೇಳದೆ ಕೇಳದೆ ಮೌನವಾಗಿಬಿಟ್ಟರೆ ನನ್ನ ಪರವಾಗಿ ಈ ಮಾತನ್ನು ಎಲ್ಲರಿಗೂ ಸಾರತಕ್ಕದ್ದು ಎಂದು ನಡುವಣ ಮಧ್ಯಸ್ಥನ ಕೈಯಲ್ಲಿ ಅದು ಕೊಟ್ಟಿರುತ್ತದೆ. ಸಾಧನವು ಮೌನವಾದೊಡನೆ ಆ ಉಯಿಲು ಓದಲ್ಪಟ್ಟು, ಅದನ್ನು ನೆಚ್ಚಿಕೊಂಡಿದ್ದ ಇತರ ಸಾಧನಗಳು ತಮ್ಮ ಮುಂದಿನ ದಾರಿಯನ್ನು ನೋಡಿಕೊಳ್ಳುತ್ತವೆ.

ಆದರೆ ಮೌನವೆಂಬುದು ಬಹು ಸಂದಿಗ್ಧವಾದ ಸಾಕ್ಷಿ. ಆಚೆಯ ಯಂತ್ರವು ನಿಜವಾಗಿಯೂ ಸತ್ತಿತೋ, ಅಥವಾ ಅದು ಸುಖವಾಗಿದ್ದು ನಡುವಣ ತಂತಿ ಮಾತ್ರ ಕಡಿಯಿತೋ ಎಂಬುದನ್ನು ಈಚೆಯ ಯಂತ್ರವು ಅರಿಯಲಾರದು. ಎರಡೇ ಯಂತ್ರಗಳಿದ್ದರೆ, ತಂತಿ ಕಡಿದಾಗ ಎರಡೂ ತಮ್ಮನ್ನು ಉಳಿದ ಯಜಮಾನನೆಂದು ಬಗೆದು, ಒಂದು ಕವಾಟವನ್ನು ತೆರೆ ಎಂದೂ ಇನ್ನೊಂದು ಮುಚ್ಚು ಎಂದೂ ಅಪ್ಪಣೆ ಮಾಡುವ ಅನಾಹುತವಾಗಬಹುದು. ಆದಕಾರಣ ಮೂರನ್ನಿಟ್ಟು, ಇಬ್ಬರ ಒಮ್ಮತವಿದ್ದಲ್ಲಿ ಯಜಮಾನಿಕೆ ಎಂದು ವಿಧಿಸುತ್ತಾರೆ. ಒಂಟಿಯಾದವನು ಅಧಿಕಾರವನ್ನು ಕೆಳಗಿಡಬೇಕು. ಯಂತ್ರವು ಸಾಯದೆ ಸುಳ್ಳಾಡುವ ಸಂಭವವೂ ಇದ್ದರೆ ಮೂರು ಸಾಲದು, ನಾಲ್ಕು ಬೇಕು ಎಂದು ಲೆಸ್ಲಿ ಲ್ಯಾಂಪೋರ್ಟ್ ಮೊದಲಾದವರು ತೋರಿಸಿದ್ದಾರೆ. ಆ ವಿಚಾರ ಇಂದಿಗೆ ದೀರ್ಘವಾದೀತು. ಮೂವರ ಪದ್ಧತಿಗೆ ಅಮೆರಿಕದ ಚಿಕ್-ಫಿಲ್-ಎ ಎಂಬ ಖಾನಾವಳಿ ಸಂಸ್ಥೆಯ ನಿದರ್ಶನವು ವಿನೋದವೂ ಬೋಧಪ್ರದವೂ ಆಗಿದೆ. ಅದರ ಎಂಜಿನಿಯರುಗಳು 2018ರಲ್ಲಿ ಪ್ರಕಟಿಸಿದ ವಿವರದಂತೆ, ಸುಮಾರು ಎರಡು ಸಾವಿರ ಅಂಗಡಿಗಳಲ್ಲಿ ಒಂದೊಂದಕ್ಕೂ ಅಂಗೈಯಗಲದ ಮೂರು ಅಗ್ಗದ ಗಣಕಗಳನ್ನಿಟ್ಟು, ಅವು ಮೂರೂ ಸೇರಿ ಒಂದಾಗಿ ನಡೆಯುವಂತೆ ಮಾಡಿ, ಯಾವ ಹೊತ್ತಿಗೆ ಎಷ್ಟು ಕರಿಯಬೇಕೆಂಬ ಅಂದಾಜು ಮೊದಲಾದ ಕೆಲಸಗಳನ್ನು ಅಂಗಡಿಯಲ್ಲಿಯೇ ನಡೆಸುತ್ತಿದ್ದರು. ಒಂದು ಕೆಟ್ಟರೆ ಅಂಗಡಿಯ ಹುಡುಗನು ಅದನ್ನು ಕಿತ್ತು, ಅಂಚೆಯಲ್ಲಿ ಬಂದ ಹೊಸದನ್ನು ಸಿಕ್ಕಿಸಿದರಾಯಿತು. ಅಡಿಗೆಮನೆಯವರಿಗೆ ಗಣಕಶಾಸ್ತ್ರ ಬರಬೇಕೆಂಬ ನಿರೀಕ್ಷೆಯನ್ನು ಆ ಎಂಜಿನಿಯರುಗಳು ಇಟ್ಟುಕೊಳ್ಳಲಿಲ್ಲ.

ಅಗಲಿಕೆಯನ್ನು ಸಹಿಸುವ ಉಪಾಯಗಳನ್ನು ಇಷ್ಟು ಹೊತ್ತು ಹೇಳಿದೆ. ಅದಕ್ಕಿಂತ ಕಠಿನವಾದುದು ಪುನರ್ಮಿಲನ. ಈ ಶಾಸ್ತ್ರದ ಬಗೆಗೆ ಬರೆಯುವವರು ಸಾಕಷ್ಟು ಒತ್ತಿ ಹೇಳದ ಸಂಗತಿ ಇದೇ ಎಂದು ನನಗೆ ತೋರುತ್ತದೆ. ಮೊದಲು ಹೇಳಿದ ವರ್ಜೀನಿಯಾದ ಪ್ರಸಂಗದಲ್ಲಿ, ಕಳೆದುಹೋಗಿದ್ದ ವಿಳಾಸವು ಸುಮಾರು ಎರಡೂವರೆ ಗಂಟೆಯೊಳಗೆ ಮತ್ತೆ ದೊರೆಯಿತು. ವ್ಯವಸ್ಥೆಯು ಪೂರ್ತಿಯಾಗಿ ನೆಟ್ಟಗಾಗಲು ಆಮೇಲೆ ಇನ್ನೂ ಹತ್ತು ಗಂಟೆಗೂ ಮೀರಿ ಹಿಡಿಯಿತು. ಕಾರಣವೇನೆಂದರೆ, ಅಲ್ಲಿನ ಅಸಂಖ್ಯಾತ ಯಂತ್ರಗಳಿಗೂ ಅವುಗಳ ಮೇಲ್ವಿಚಾರಕ ತಂತ್ರಾಂಶಕ್ಕೂ ನಡುವೆ ಆಗಾಗ ನವೀಕರಿಸಬೇಕಾಗಿದ್ದ ಒಡಂಬಡಿಕೆಗಳೆಲ್ಲ ಈ ಅವಧಿಯಲ್ಲಿ ವಾಯಿದೆ ಮೀರಿ ಹೋಗಿದ್ದುವು. ದಾರಿ ತೆರೆದೊಡನೆ ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಬರೆಯಹೊರಟ ಮೇಲ್ವಿಚಾರಕನು, ಕೊನೆಯದನ್ನು ಬರೆದು ಮುಗಿಸುವುದರೊಳಗೆ ಮೊದಲಿನವು ಮತ್ತೆ ವಾಯಿದೆ ಮೀರುವಂಥ ವಿಷಚಕ್ರದಲ್ಲಿ ಸಿಕ್ಕಿಬಿದ್ದನು. ಕಡೆಗೆ ಮನುಷ್ಯರು ನಡುವೆ ಪ್ರವೇಶಿಸಿ, ನುಗ್ಗುವಿಕೆಯನ್ನು ತಡೆದು, ಮೇಲ್ವಿಚಾರಕನನ್ನು ಸರದಿಯಂತೆ ಪುನಃ ಹೂಡಬೇಕಾಯಿತು.

ನಮ್ಮ ಕಂಬದ ಮೇಲಿನ ಪೆಟ್ಟಿಗೆಗಳ ವಿಷಯದಲ್ಲಿಯೂ ಹೀಗೆಯೇ. ಕರೆಂಟು ಬಂದ ನಿಮಿಷಕ್ಕೆ ಹತ್ತು ಸಾವಿರ ಪೆಟ್ಟಿಗೆಗಳು ಒಟ್ಟಿಗೆ ಬಾಯಿ ತೆರೆದರೆ ಮೇಲಿನ ಗಣಕವು ಕಿವುಡಾಗುತ್ತದೆ. ಉತ್ತರ ಬಾರದುದನ್ನು ಕಂಡು ಎಲ್ಲವೂ ಮರುಕ್ಷಣ ಮತ್ತೆ ಕೂಗುತ್ತವೆ. ಇದಕ್ಕೆ ಪರಿಹಾರ, ಒಂದು ಸಲ ವಿಫಲವಾದರೆ ಎರಡರಷ್ಟು ಕಾಲ, ಮತ್ತೆ ವಿಫಲವಾದರೆ ಅದರ ಎರಡರಷ್ಟು ಕಾಲ ಕಾಯುವುದು. ಅದರ ಮೇಲೆ, ಪ್ರತಿಯೊಂದು ಪೆಟ್ಟಿಗೆಯೂ ಕಾಯುವ ಅವಧಿಗೆ ಪಗಡೆಯ ದಾಳ ಹಾಕಿದಂತೆ ಸ್ವಲ್ಪ ಯಾದೃಚ್ಛಿಕವಾದ ಹೆಚ್ಚುಕಡಮೆಯನ್ನು ಸೇರಿಸಿಕೊಳ್ಳುವುದು. ಇನ್ನೊಂದು ಅಪಾಯ, ಹಳಸಿದ ಅಪ್ಪಣೆಯದು. ಬೆಳಗ್ಗೆ ಹತ್ತು ಗಂಟೆಗೆ ಗೇಟನ್ನು ತೆರೆ ಎಂದು ಮೇಲಿನಿಂದ ಹೊರಟ ಆಜ್ಞೆಯು ದಾರಿ ಕಡಿದು ಎಲ್ಲೋ ತಂಗಿದ್ದು, ಸಾಯಂಕಾಲ ಆರಕ್ಕೆ, ಕಾಲುವೆಯಲ್ಲಿ ಜನ ಇಳಿದಿರುವಾಗ ಬಂದು ತಲಪಿದರೆ, ಕೆಳಗಿನ ಯಂತ್ರವು ಅದನ್ನು ಶಿರಸಾವಹಿಸಿ ನೆರವೇರಿಸಬೇಕೆ? ಪ್ರತಿ ಆಜ್ಞೆಗೂ ಇಂತಿಷ್ಟು ನಿಮಿಷದ ಮೇಲೆ ಇದು ರದ್ದು ಎಂಬ ವಾಯಿದೆಯನ್ನು ಬರೆದಿರಬೇಕು. ಆ ವಾಯಿದೆಯನ್ನು ನೋಡುವುದಕ್ಕೆ ಯಂತ್ರಕ್ಕೆ ಸರಿಯಾದ ಗಡಿಯಾರವಿರಬೇಕು. ವಿದ್ಯುತ್ತು ಹೋಗಿ ಬಂದಾಗ 1970ನೆಯ ಇಸವಿಯ ಜನವರಿ ಒಂದನೆಯ ತಾರೀಖಿಗೆ ಮರಳಿಬಿಡುವ ಅಗ್ಗದ ಪೆಟ್ಟಿಗೆಗಳಿಂದ ಈ ವಿವೇಕವನ್ನು ನಿರೀಕ್ಷಿಸುವಂತಿಲ್ಲ. ಗಡಿಯಾರವನ್ನು ಕಾಯುವ ಅಗ್ಗದ ಬ್ಯಾಟರಿಯನ್ನು ಉಳಿತಾಯಕ್ಕೆಂದು ಬಿಟ್ಟುಬಿಡುವ ತಯಾರಕರನ್ನು ಏನೆಂದು ಕರೆಯುವುದೋ ತಿಳಿಯದು.

ಬುದ್ಧಿಯನ್ನು ಹಂಚಿದಂತೆ ರೋಗವನ್ನೂ ಹಂಚಿದಂತಾಗುತ್ತದೆಂಬುದನ್ನು ಮರೆಯಲಾಗದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದ ಕ್ಯಾಮೆರಾ ಮೊದಲಾದವುಗಳನ್ನು ವಶಪಡಿಸಿಕೊಂಡು, ಅವುಗಳಿಂದಲೇ ಅಂತರಜಾಲದ ಹೆಸರಾಂತ ತಾಣಗಳನ್ನು ಉಸಿರುಗಟ್ಟಿಸಿತು. ಔಷಧವೇ ರೋಗವಾಗುವುದೂ ಉಂಟು: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿಯು ಹೊರಡಿಸಿದ ಒಂದು ದೋಷಯುಕ್ತ ತಿದ್ದುಪಡಿಯಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಗಣಕಗಳು ಮೂರ್ಛೆ ಹೋದುವು, ಅವುಗಳಲ್ಲಿ ಎಷ್ಟೋ ಗಣಕಗಳ ಬಳಿಗೆ ಮನುಷ್ಯನೇ ಹೋಗಿ ಕೈಯಿಂದ ಎಬ್ಬಿಸಬೇಕಾಯಿತು. ಕಂಬದ ಮೇಲಿನ ಪೆಟ್ಟಿಗೆಯಾದರೆ ಏಣಿಯೂ ಬೇಕು. ಆದುದರಿಂದ ಬಲ್ಲವರು ಪೆಟ್ಟಿಗೆಯಲ್ಲಿ ತಂತ್ರಾಂಶಕ್ಕೆ ಎರಡು ಮನೆಗಳನ್ನು ಇಡುತ್ತಾರೆ. ಹೊಸದನ್ನು ಎರಡನೆಯ ಮನೆಗೆ ಇಳಿಸಿ, ಅದು ಎದ್ದು ನಿಂತು ನಾನು ಸರಿಯಾಗಿದ್ದೇನೆಂದು ಹೇಳಿದ ಮೇಲಷ್ಟೇ ಹಳೆಯದನ್ನು ಬಿಡುತ್ತಾರೆ. ಇಷ್ಟು ಹೊತ್ತಿನಲ್ಲಿ ಹೇಳದಿದ್ದರೆ ವಾಚ್‌ಡಾಗ್ ಎಂಬ ಕಾವಲು ಗಡಿಯಾರವು ಹಳೆಯ ಮನೆಗೇ ಮರಳಿಸುತ್ತದೆ. 1997ರಲ್ಲಿ ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್ ನೌಕೆಯ ಗಣಕವು ಕಾರ್ಯಗಳ ಆದ್ಯತೆ ತಲೆಕೆಳಗಾಗಿ ತೊಡರಿದಾಗಲೆಲ್ಲ ಅದನ್ನು ಮತ್ತೆ ಮತ್ತೆ ಹೊಸದಾಗಿ ಆರಂಭಿಸಿ ಬದುಕಿಸಿದುದು ಇಂಥದೇ ಕಾವಲು. ಭೂಮಿಯಲ್ಲಿದ್ದ ಎಂಜಿನಿಯರುಗಳು ಕಾರಣವನ್ನು ಪತ್ತೆಹಚ್ಚಿ ತಿದ್ದುಪಡಿಯನ್ನು ಕಳುಹಿಸುವವರೆಗೆ ಅದು ಕಾಲ ನೂಕಿತು.

ಇಷ್ಟೆಲ್ಲವನ್ನೂ ಮಾಡಿದೆವೆಂದು ಕಾಗದದ ಮೇಲೆ ಬರೆದುಕೊಟ್ಟವರನ್ನು ನಂಬುವುದು ಹೇಗೆ? ತಂತಿಯನ್ನು ಕಿತ್ತು ನೋಡುವುದೊಂದೇ ದಾರಿ. ಚಲನಚಿತ್ರಗಳನ್ನು ಮನೆಮನೆಗೆ ಒದಗಿಸುವ ನೆಟ್‌ಫ್ಲಿಕ್ಸ್ ಕಂಪನಿಯವರು, ತಮ್ಮ ಗಣಕಗಳನ್ನು ಕೆಲಸದ ವೇಳೆಯಲ್ಲಿಯೇ ಯಾದೃಚ್ಛಿಕವಾಗಿ ಕೆಡವುವ ಕಪಿಯೊಂದನ್ನು ತಂತ್ರಾಂಶದ ರೂಪದಲ್ಲಿ ಸಾಕಿಕೊಂಡಿದ್ದರು. ನಮ್ಮ ಪಂಚಾಯಿತಿಗಳು ಅಷ್ಟು ದೂರ ಹೋಗಬೇಕಾಗಿಲ್ಲ. ನೀರಿನ ತೊಟ್ಟಿಗೆ ಮಟ್ಟಮಾಪಕವನ್ನೂ ದೂರದಿಂದ ಮೋಟಾರು ನಡೆಸುವ ಪೆಟ್ಟಿಗೆಯನ್ನೂ ಕೊಂಡುಕೊಳ್ಳುವ ಮುನ್ನ, ಟೆಂಡರಿನ ಷರತ್ತುಗಳಲ್ಲಿ ಕೆಲವನ್ನು ಸೇರಿಸಿದರೆ ಸಾಕು: ಸಿಮ್ಮನ್ನು ತೆಗೆದಿಟ್ಟು ಒಂದು ವಾರ ನಡೆಸಿ ತೋರಿಸತಕ್ಕದ್ದು; ಆ ವಾರದ ಲೆಕ್ಕವು ಸಿಮ್ಮು ಹಾಕಿದ ಮೇಲೆ ಒಂದು ಅಂಕೆಯೂ ತಪ್ಪದೆ ಮೇಲೆ ತಲಪತಕ್ಕದ್ದು; ಕಂಪನಿಯೇ ಮುಚ್ಚಿಹೋದರೂ ಪೆಟ್ಟಿಗೆಯು ತೊಟ್ಟಿ ತುಂಬಿದಾಗ ಮೋಟಾರನ್ನು ನಿಲ್ಲಿಸತಕ್ಕದ್ದು. ಎಲ್ಲಕ್ಕೂ ಮಿಗಿಲಾಗಿ, ಪಂಪುಮನೆಯ ಹಳೆಯ ಸ್ಟಾರ್ಟರಿನ ಹಸಿರು ಕೆಂಪು ಗುಂಡಿಗಳನ್ನು ಹೊಸ ಪೆಟ್ಟಿಗೆಯ ಹಿಂದೆ ಮರೆಮಾಡದೆ, ನೀರುಗಂಟಿಯ ಕೈಗೆ ಎಟಕುವಂತೆ ಬಿಟ್ಟಿರತಕ್ಕದ್ದು. ಅವನು ಗುಂಡಿ ಒತ್ತಿದ ಹೊತ್ತಿನಲ್ಲಿ ಬೆಂಗಳೂರಿನ ಅಪ್ಪಣೆ ಬೇರೆಯಾಗಿದ್ದರೆ, ಅವನದೇ ನಡೆಯತಕ್ಕದ್ದು.